ಬಿಸಿಲಿನಿಂದ ವಿದ್ಯುತ್ತು: ಸಿಲಿಕಾನಿನ ತೆಳುಪದರ ನಡೆದು ಬಂದ ದಾರಿ

ಚಿಕ್ಕಬಳ್ಳಾಪುರದ ಪಕ್ಕದಲ್ಲಿರುವ ಸ್ಕಂದಗಿರಿಗೆ ಕಳವಾರದುರ್ಗವೆಂಬ ಇನ್ನೊಂದು ಹೆಸರುಂಟು. ನೆತ್ತಿಯ ಮೇಲೆ ಪಾಳುಬಿದ್ದ ಕೋಟೆಯ ಗೋಡೆಗಳಿವೆ. ಬೆಳಗಿನ ಮಂಜು ನೋಡಲೆಂದು ಬೆಟ್ಟ ಹತ್ತುವವರು ಕಾಲ ಕೆಳಗಿನ ಬಂಡೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಆ ಬಂಡೆ ಗ್ರಾನೈಟ್ ಜಾತಿಯದು. ಅದರ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಕೂಡಿ ಆದ ವಸ್ತು. ಇಂಥ ಬಂಡೆಗಳ ಸೀಳುಗಳಲ್ಲಿ ಬೆಳ್ಳಗೆ ಕಾಣುವ ಬೆಣಚುಕಲ್ಲಂತೂ ಹೆಚ್ಚುಕಡಿಮೆ ಶುದ್ಧ ಸಿಲಿಕಾವೇ. ಎರಡು ಬೆಣಚುಕಲ್ಲುಗಳನ್ನು ಉಜ್ಜಿ ಕಿಡಿ ಹಾರಿಸುವ ಆಟ ಹಳ್ಳಿಯ ಮಕ್ಕಳಿಗೆಲ್ಲ ಗೊತ್ತು.

ಸೌರಕೋಶಕ್ಕೆ ಬೇಕಾದ ಸಿಲಿಕಾನ್ ಅಡಗಿರುವುದು ಇದೇ ಕಲ್ಲಿನೊಳಗೆ. ಬಿಸಿಲಿಗೂ ಈ ಸೀಮೆಯಲ್ಲಿ ಬರವಿಲ್ಲ. ಬರವಿರುವುದು ನೀರಿಗೆ. ಪಿನಾಕಿನಿ, ಅರ್ಕಾವತಿಗಳು ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆಂದು ಭೂಗೋಳದ ಪುಸ್ತಕದಲ್ಲಿ ಓದುತ್ತೇವೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಅನೇಕ ರೈತರು ನೆಚ್ಚಿಕೊಂಡಿರುವುದು ಸಾವಿರ ಅಡಿಗೂ ಕೆಳಗಿಳಿದ ಕೊಳವೆ ಬಾವಿಯನ್ನು, ಅದರ ಪಂಪಿಗೆ ಎಷ್ಟೋ ಸಲ ನಡುರಾತ್ರಿ ಬರುವ ತ್ರೀಫೇಸ್ ಕರೆಂಟನ್ನು. ಹಗಲೆಲ್ಲ ತಲೆಯ ಮೇಲೆ ಶಕ್ತಿ ಸುರಿಯುತ್ತದೆ, ಅದನ್ನು ಹಿಡಿಯಬಲ್ಲ ಮೂಲವಸ್ತು ಕಾಲ ಕೆಳಗಿದೆ. ಇವೆರಡರ ನಡುವೆ ಇಷ್ಟು ಕಾಲ ಅಡ್ಡ ನಿಂತದ್ದು ಬಹುಮಟ್ಟಿಗೆ ಉಷ್ಣತೆ. ಕಲ್ಲಿನಿಂದ ಸಿಲಿಕಾನನ್ನು ಬಿಡಿಸಲು, ಶುದ್ಧಗೊಳಿಸಲು, ಹರಳಾಗಿಸಲು ಬೇಕಾಗುವ ಕಾವಿನ ವೆಚ್ಚ ಬಹಳ. ಆ ವೆಚ್ಚವನ್ನು ತಪ್ಪಿಸಲು ವಿಜ್ಞಾನಿಗಳು ಕಡಿಮೆ ಉಷ್ಣತೆಯ ದಾರಿಯೊಂದನ್ನು ಹುಡುಕಿದರು. ಅದರ ಚರಿತ್ರೆಯನ್ನು ತಿಳಿಯಬೇಕಾದರೆ ಮೊದಲು ಬೆಂಕಿಯ ದಾರಿಯನ್ನು ನೋಡಬೇಕು.

ಬೆಣಚುಕಲ್ಲಿನಲ್ಲಿ ಸಿಲಿಕಾನ್ ಆಮ್ಲಜನಕವನ್ನು ಬಲವಾಗಿ ಹಿಡಿದುಕೊಂಡಿರುತ್ತದೆ. ಅದನ್ನು ಬಿಡಿಸಲು ಕಲ್ಲನ್ನು ಇದ್ದಿಲಿನೊಡನೆ ವಿದ್ಯುತ್ ಕುಲುಮೆಗೆ ಹಾಕಿ ಸುಮಾರು 2000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಈ ಜಾತಿಯ ಕುಲುಮೆ ನಮ್ಮ ನಾಡಿಗೆ ಹೊಸದೇನಲ್ಲ. ಸ್ಕಂದಗಿರಿಯ ಮೇಲೆ ನಿಂತು ನಂದಿಬೆಟ್ಟದ ಕಡೆ ನೋಡಿದರೆ ಕೆಳಗೆ ಮುದ್ದೇನಹಳ್ಳಿ ಕಾಣುತ್ತದೆ. 1861ರಲ್ಲಿ ಅಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಯೋಜಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1940ರ ದಶಕದಲ್ಲಿ ಅಲ್ಲಿ ಫೆರೋಸಿಲಿಕಾನ್, ಅಂದರೆ ಉಕ್ಕಿನ ತಯಾರಿಕೆಗೆ ಬೇಕಾದ ಕಬ್ಬಿಣ-ಸಿಲಿಕಾನ್ ಮಿಶ್ರಲೋಹವನ್ನು ವಿದ್ಯುತ್ ಕುಲುಮೆಯಲ್ಲಿ ತಯಾರಿಸತೊಡಗಿದರು. ಬೆಣಚುಕಲ್ಲು, ಇದ್ದಿಲು, ವಿದ್ಯುತ್ತು ಈ ಮೂರರಿಂದ ಸಿಲಿಕಾನನ್ನು ಬಿಡಿಸುವ ಕೆಲಸ ಕನ್ನಡ ನಾಡಿನಲ್ಲಿ ಆಗಲೇ ನಡೆದಿತ್ತು. ಆ ಕಾಲಕ್ಕೆ ಅದರಿಂದ ವಿದ್ಯುತ್ತನ್ನೇ ಪಡೆಯಬಹುದೆಂಬ ಕಲ್ಪನೆ ಭದ್ರಾವತಿಯಲ್ಲಿ ಯಾರಿಗೂ ಇದ್ದಿರಲಾರದು.

ಕುಲುಮೆಯಿಂದ ಬಂದ ಸಿಲಿಕಾನ್ ಉಕ್ಕಿಗೆ ಸಾಕು, ಸೌರಕೋಶಕ್ಕೆ ಸಾಲದು. ಹತ್ತು ಲಕ್ಷ ಅಣುಗಳಲ್ಲಿ ಒಂದೆರಡು ಬೇರೆ ಧಾತುವಿನವಾದರೂ ಕೋಶ ಕೆಟ್ಟೀತು. ಆದ್ದರಿಂದ ಸಿಲಿಕಾನನ್ನು ಹೈಡ್ರೋಜನ್ ಕ್ಲೋರೈಡಿನೊಡನೆ ಸೇರಿಸಿ ಟ್ರೈಕ್ಲೋರೋಸೈಲೇನ್ ಎಂಬ ದ್ರವವಾಗಿಸುತ್ತಾರೆ. ಅದು ಸುಮಾರು 32 ಡಿಗ್ರಿಗೇ ಕುದಿಯುವುದರಿಂದ ಬಟ್ಟಿ ಇಳಿಸಿ ಶುದ್ಧಗೊಳಿಸುವುದು ಸುಲಭ. ಅನಂತರ ಸುಮಾರು 1100 ಡಿಗ್ರಿಗೆ ಕಾದ ಸಿಲಿಕಾನ್ ಸರಳುಗಳ ಮೇಲೆ ಅದನ್ನು ಒಡೆದಾಗ ಅತಿ ಶುದ್ಧವಾದ ಪಾಲಿಸಿಲಿಕಾನ್ ಕೂಡುತ್ತ ಹೋಗುತ್ತದೆ. ಅದನ್ನು 1414 ಡಿಗ್ರಿಯಲ್ಲಿ ಮತ್ತೆ ಕರಗಿಸಿ, ನಿಧಾನವಾಗಿ ಹರಳಾಗಿ ಎಳೆದು, ಗರಗಸದಿಂದ ಬಿಲ್ಲೆಗಳಾಗಿ ಕೊಯ್ಯಬೇಕು. ಕೊಯ್ಯುವಾಗ ಹಿಂದೆಲ್ಲ ಹೆಚ್ಚುಕಡಿಮೆ ಅರ್ಧದಷ್ಟು ಸರಕು ಪುಡಿಯಾಗಿ ಹೋಗುತ್ತಿತ್ತು. ಮೂರು ಸಲ ಬೆಂಕಿ ತೋರಿಸಿ ಪಡೆದ ವಸ್ತುವನ್ನು ಹೀಗೆ ಪುಡಿ ಮಾಡಿ ಚೆಲ್ಲುವುದೆಂದರೆ ಯಾರಿಗೆ ಹೊಟ್ಟೆ ಉರಿಯದು?

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್ ತೋರಿಸಿದ ಮೊದಲ ಉಪಯುಕ್ತ ಸಿಲಿಕಾನ್ ಸೌರಕೋಶ ಈ ಬೆಂಕಿಯ ದಾರಿಯಿಂದ ಬಂದದ್ದೇ. ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ 6 ಪಾಲನ್ನು ಅದು ವಿದ್ಯುತ್ತಾಗಿಸಿತು. ಇದನ್ನೇ ದಕ್ಷತೆ ಎನ್ನುತ್ತೇವೆ. ಬೆಲೆ ಮಾತ್ರ ಉಪಗ್ರಹಗಳಿಗಷ್ಟೇ ಎಟುಕುವಂತಿತ್ತು. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿ 1975ರಲ್ಲಿ ಹಾರಿಸಿದ ಆರ್ಯಭಟದ ಮೈತುಂಬ ಸಿಲಿಕಾನ್ ಕೋಶಗಳಿದ್ದವು. ಅವು ಬಂದದ್ದು ಸೋವಿಯತ್ ಒಕ್ಕೂಟದಿಂದ.

ಈ ಪರಾವಲಂಬನೆಯನ್ನು ಮುರಿಯುವ ಒಂದು ಗಟ್ಟಿ ಪ್ರಯತ್ನ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ರಸಾಯನ ವಿಜ್ಞಾನಿ ಪ್ರೊ. ಎ.ಆರ್. ವಾಸುದೇವಮೂರ್ತಿ ಮತ್ತು ಅವರ ಸಂಗಡಿಗರು ಪಾಲಿಸಿಲಿಕಾನ್ ತಯಾರಿಸುವ ವಿಧಾನವನ್ನು ಇಲ್ಲೇ ರೂಪಿಸಿದರು. ಆ ತಿಳಿವಳಿಕೆಯನ್ನು ಆಧರಿಸಿ 1980ರ ದಶಕದಲ್ಲಿ ತಮಿಳುನಾಡಿನ ಮೆಟ್ಟೂರಿನಲ್ಲಿ ಮೆಟ್ಕೆಮ್ ಸಿಲಿಕಾನ್ ಎಂಬ ಕಂಪನಿ ಉತ್ಪಾದನೆಗೆ ಇಳಿಯಿತು. ಗಾತ್ರದಲ್ಲಿ ಅದು ಸಣ್ಣ ಘಟಕ. ಅದೇ ಹೊತ್ತಿಗೆ ಕೇಂದ್ರ ಸರ್ಕಾರ ಅಮೆರಿಕದ ಹೆಮ್ಲಾಕ್ ಕಂಪನಿಯಿಂದ ತಂತ್ರಜ್ಞಾನ ಕೊಂಡು ಬರೋಡಾದಲ್ಲಿ ದೊಡ್ಡದೊಂದು ರಾಷ್ಟ್ರೀಯ ಸಿಲಿಕಾನ್ ಸ್ಥಾವರ ನಿರ್ಮಿಸುವ ಆಲೋಚನೆಯಲ್ಲಿತ್ತು. ಮನೆಯಲ್ಲೇ ವಿದ್ಯೆ ಇರುವಾಗ ಹೊರಗಿನಿಂದ ಕೊಳ್ಳುವುದೇಕೆ ಎಂದು ಒಂದು ಪಕ್ಷ, ಸಣ್ಣ ಘಟಕದ ವಿದ್ಯೆ ದೊಡ್ಡ ಘಟಕಕ್ಕೆ ಸಾಲದು ಎಂದು ಇನ್ನೊಂದು ಪಕ್ಷ. ವಿವಾದ ಪತ್ರಿಕೆಗಳನ್ನೆಲ್ಲ ತುಂಬಿತು. ಕೊನೆಗೆ ಹೆಮ್ಲಾಕ್ ಯೋಜನೆ ಕೈಬಿಟ್ಟುಹೋಯಿತು. ಅದರ ಬದಲು ಸ್ವದೇಶಿ ವಿಧಾನವಾದರೂ ದೊಡ್ಡದಾಗಿ ಬೆಳೆಯಿತೇ ಎಂದರೆ ಅದೂ ಇಲ್ಲ. ಎರಡು ಪಕ್ಷಗಳ ವಾದದಲ್ಲೂ ಹುರುಳಿತ್ತು. ಆದರೆ ಯಾವುದನ್ನೂ ಮಾಡದೆ ಬಿಟ್ಟದ್ದು ಮಾತ್ರ ಎರಡಕ್ಕಿಂತಲೂ ದುಬಾರಿಯಾಯಿತು ಎಂದು ನನ್ನ ಅಭಿಪ್ರಾಯ. ಇಂದು ಜಗತ್ತಿನ ಪಾಲಿಸಿಲಿಕಾನಿನಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಪಾಲು ತಯಾರಾಗುವುದು ಚೀನಾದಲ್ಲಿ.

ಈಗ ಇನ್ನೊಂದು ದಾರಿಗೆ ಬರೋಣ. ನಿಮ್ಮ ಬಳಿ ಹಳೆಯ ಮಾದರಿಯ ಸೋಲಾರ್ ಕ್ಯಾಲ್ಕುಲೇಟರ್ ಇದ್ದರೆ ಅದರ ನೆತ್ತಿಯ ಮೇಲಿನ ಕಂದುಬಣ್ಣದ ಪಟ್ಟಿಯನ್ನು ನೋಡಿ. ಸಾಮಾನ್ಯವಾಗಿ ಅದರಲ್ಲಿ ನಾಲ್ಕು ಕೋಣೆಗಳಿರುತ್ತವೆ. ಅದೂ ಸಿಲಿಕಾನೇ, ಆದರೆ ಹರಳಲ್ಲ. ಗಾಜಿನ ಮೇಲೆ ಬಳಿದಂತೆ ಕೂತ ಪದರ. ದಪ್ಪ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಇದಕ್ಕೆ ಅಸ್ಫಟಿಕ ಸಿಲಿಕಾನ್ ಎಂದು ಹೆಸರು.

ಸ್ಫಟಿಕಕ್ಕೂ ಅಸ್ಫಟಿಕಕ್ಕೂ ಇರುವ ಭೇದ ತಿಳಿಯಲು ಕಿರಾಣಿ ಅಂಗಡಿಗೆ ಹೋದರೆ ಸಾಕು. ಕಲ್ಲುಸಕ್ಕರೆಯಲ್ಲಿ ಸಕ್ಕರೆಯ ಕಣಗಳು ಸಾಲುಸಾಲಾಗಿ ನಿಂತಿವೆ, ಅದು ದಾರದ ಸುತ್ತ ದಿನಗಟ್ಟಲೆ ಬೆಳೆದದ್ದು. ಗಾಜಿನಂತೆ ಹೊಳೆಯುವ ಗಟ್ಟಿ ಪೆಪ್ಪರಮೆಂಟೂ ಅದೇ ಸಕ್ಕರೆ. ಪಾಕ ಬೇಗ ಆರಿದ್ದರಿಂದ ಕಣಗಳಿಗೆ ಸಾಲು ಕಟ್ಟಲು ಸಮಯ ಸಿಗಲಿಲ್ಲ. ಅಸ್ಫಟಿಕ ಸಿಲಿಕಾನ್ ಈ ಪೆಪ್ಪರಮೆಂಟಿನ ಹಾಗೆ. ಅದರ ಅಣುಗಳ ಅಸ್ತವ್ಯಸ್ತತೆಯೇ ಒಂದು ಲಾಭ ತರುತ್ತದೆ. ಹರಳು ಸಿಲಿಕಾನ್ ಬೆಳಕನ್ನು ನಿಧಾನವಾಗಿ ಹೀರುವುದರಿಂದ ಬಿಲ್ಲೆ ನೂರು, ಇನ್ನೂರು ಮೈಕ್ರಾನ್ ದಪ್ಪವಿರಬೇಕು. ಅಸ್ಫಟಿಕಕ್ಕೆ ಅರ್ಧ ಮೈಕ್ರಾನ್ ಸಾಕು.

ಆದರೆ ಸಾಲು ತಪ್ಪಿದ ಅಣುಗಳಲ್ಲಿ ಕೆಲವಕ್ಕೆ ನಾಲ್ಕನೆಯ ಕೈ ಹಿಡಿಯಲು ಜೊತೆಗಾರ ಸಿಗುವುದಿಲ್ಲ. ಹೀಗೆ ತೂಗಾಡುವ ಬಂಧಗಳು ಬೆಳಕಿನಿಂದ ಹುಟ್ಟಿದ ಇಲೆಕ್ಟ್ರಾನುಗಳನ್ನು ದಾರಿಯಲ್ಲೇ ನುಂಗಿಬಿಡುತ್ತವೆ. ಇದರಿಂದಾಗಿ 1960ರ ದಶಕದವರೆಗೆ ಈ ವಸ್ತು ಇಲೆಕ್ಟ್ರಾನಿಕ್ಸ್‌ಗೆ ಬಾರದ್ದೆಂದೇ ಎಣಿಸಲಾಗಿತ್ತು. 1969ರಲ್ಲಿ ಇಂಗ್ಲೆಂಡಿನ ಚಿಟಿಕ್ ಮತ್ತು ಸಂಗಡಿಗರು ಸೈಲೇನ್ ಅನಿಲದಿಂದ ಇದನ್ನು ತಯಾರಿಸಿದಾಗ ಗುಣ ಇದ್ದಕ್ಕಿದ್ದಂತೆ ಸುಧಾರಿಸಿತು. ಸೈಲೇನ್ ಎಂದರೆ ಒಂದು ಸಿಲಿಕಾನಿಗೆ ನಾಲ್ಕು ಹೈಡ್ರೋಜನ್. ಆ ಹೈಡ್ರೋಜನ್ನೇ ತೂಗಾಡುವ ಕೈಗಳನ್ನು ಹಿಡಿದು ಸುಮ್ಮನಾಗಿಸಿತ್ತು ಎಂಬುದು ಆಮೇಲೆ ತಿಳಿಯಿತು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಸ್ಪಿಯರ್ ಮತ್ತು ಲೆ ಕೋಂಬರ್ ಈ ಪದರಕ್ಕೆ ರಂಜಕ, ಬೋರಾನ್‌ಗಳನ್ನು ಬೆರೆಸಿ ಅದರ ವಾಹಕತೆಯನ್ನು ಬೇಕಾದಂತೆ ಬದಲಿಸಬಹುದೆಂದು ತೋರಿಸಿದರು. ಮರುವರ್ಷವೇ ಅಮೆರಿಕದ ಆರ್‌ಸಿಎ ಪ್ರಯೋಗಾಲಯದಲ್ಲಿ ಕಾರ್ಲ್‌ಸನ್ ಮತ್ತು ವ್ರಾನ್‌ಸ್ಕಿ ಮೊದಲ ಅಸ್ಫಟಿಕ ಸಿಲಿಕಾನ್ ಸೌರಕೋಶವನ್ನು ಪ್ರಕಟಿಸಿದರು. ಅದರ ದಕ್ಷತೆ ಶೇಕಡಾ 2.4.

ತಯಾರಿಸುವ ಬಗೆ ಹೀಗೆ. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಗಾಜಿನ ಹಲಗೆಯನ್ನು 200ರಿಂದ 250 ಡಿಗ್ರಿಗೆ ಕಾಯಿಸಿಡುತ್ತಾರೆ. ಇದು ಬೇಕರಿಯವನು ಬ್ರೆಡ್ ಸುಡುವ ಒಲೆಯ ಕಾವು, ಅಷ್ಟೆ. ಅಲ್ಪ ಒತ್ತಡದಲ್ಲಿ ಸೈಲೇನ್ ಬಿಟ್ಟು ರೇಡಿಯೋ ಆವರ್ತಾಂಕದ ವಿದ್ಯುತ್ತು ಹಾಯಿಸಿದರೆ ಟ್ಯೂಬ್‌ಲೈಟಿನೊಳಗಿನಂತೆ ಅನಿಲ ಹೊಳೆಯತೊಡಗುತ್ತದೆ. ಇದೇ ಪ್ಲಾಸ್ಮಾ. ಸೈಲೇನನ್ನು ಒಡೆಯುವ ಕೆಲಸವನ್ನು ಇಲ್ಲಿ ಬೆಂಕಿಯ ಬದಲು ಪ್ಲಾಸ್ಮಾದ ಚುರುಕು ಇಲೆಕ್ಟ್ರಾನುಗಳು ಮಾಡುತ್ತವೆ. ಆದ್ದರಿಂದಲೇ ಗಾಜು ಕರಗುವ ಭಯವಿಲ್ಲ. ಉಷ್ಣತೆ ಬಹಳ ಏರಿದರೆ ಹೈಡ್ರೋಜನ್ ಹಾರಿಹೋಗುತ್ತದೆ, ಬಹಳ ಇಳಿದರೆ ಪದರ ಸಡಿಲವಾಗುತ್ತದೆ. ಪದರ ಕೂರುವ ವೇಗವೂ ಕಡಿಮೆ. ಅರ್ಧ ಮೈಕ್ರಾನಿಗೆ ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ಲೇಸರ್ ಕಿರಣದಿಂದ ಗೆರೆ ಕೊರೆದು ಒಂದೇ ಹಲಗೆಯನ್ನು ಅನೇಕ ಕೋಶಗಳ ಸರಪಣಿಯಾಗಿಸುತ್ತಾರೆ. ಕ್ಯಾಲ್ಕುಲೇಟರಿನ ನಾಲ್ಕು ಕೋಣೆಗಳು ಇಂಥ ಸರಪಣಿಯೇ. ಒಂದು ಎಚ್ಚರಿಕೆ: ಸೈಲೇನ್ ಗಾಳಿ ಸೋಕಿದೊಡನೆ ತಾನಾಗಿ ಹೊತ್ತಿಕೊಳ್ಳುವ ಅನಿಲ. ಕಡಿಮೆ ಉಷ್ಣತೆಯ ದಾರಿಯೆಂದ ಮಾತ್ರಕ್ಕೆ ಅಪಾಯವಿಲ್ಲದ ದಾರಿಯೆಂದು ತಿಳಿಯಬಾರದು.

1980ರಲ್ಲಿ ಜಪಾನಿನ ಸಾನ್ಯೋ ಕಂಪನಿ ಇದನ್ನು ಕ್ಯಾಲ್ಕುಲೇಟರಿಗೆ ಅಳವಡಿಸಿ ಮಾರುಕಟ್ಟೆಗೆ ತಂದಿತು. ಟ್ಯೂಬ್‌ಲೈಟಿನ ಬೆಳಕಿನಲ್ಲೂ ಅದು ಚೆನ್ನಾಗಿ ದುಡಿಯುತ್ತಿತ್ತು. ಇನ್ನೇನು, ಮನೆಯ ಮಾಳಿಗೆಯ ಮೇಲೂ ಇದೇ ಎಂದು ಎಲ್ಲರೂ ನಿರೀಕ್ಷಿಸಿದರು. ಆದರೆ ದೋಷವೊಂದು ಆಗಲೇ ಬಯಲಾಗಿತ್ತು. 1977ರಲ್ಲಿ ಆರ್‌ಸಿಎ ಪ್ರಯೋಗಾಲಯದವರೇ ಆದ ಸ್ಟೇಬ್ಲರ್ ಮತ್ತು ವ್ರಾನ್‌ಸ್ಕಿ, ಬೆಳಕು ಬಿದ್ದಷ್ಟೂ ಈ ಪದರದ ಗುಣ ಕುಗ್ಗುತ್ತದೆ ಎಂಬುದನ್ನು ಕಂಡಿದ್ದರು. ಕೆಲವು ತಿಂಗಳ ಬಿಸಿಲಿಗೆ ದಕ್ಷತೆಯ ಆರನೇ ಒಂದರಿಂದ ನಾಲ್ಕನೇ ಒಂದರಷ್ಟು ಇಳಿದು, ಆಮೇಲೆ ನಿಲ್ಲುತ್ತದೆ. 150 ಡಿಗ್ರಿಗೂ ಮೇಲೆ ಕಾಯಿಸಿದರೆ ಗುಣ ಮರಳುತ್ತದೆ. ಆದರೆ ಮಾಳಿಗೆಯ ಮೇಲಿನ ಫಲಕವನ್ನು ಇಳಿಸಿ ಒಲೆಗೆ ಇಡುವವರು ಯಾರು? ಬಿಸಿಲಿನಿಂದ ವಿದ್ಯುತ್ತು ತೆಗೆಯಬೇಕಾದ ವಸ್ತುವಿಗೆ ಬಿಸಿಲೇ ಆಗಿಬರದಿರುವುದು ವಿಚಿತ್ರವೇ ಸರಿ. ಒಂಟಿ ಪದರದ ಮಾರುಕಟ್ಟೆ ಫಲಕಗಳ ದಕ್ಷತೆ ಶೇಕಡಾ 5ರಿಂದ 7ರ ಆಸುಪಾಸಿನಲ್ಲೇ ನಿಂತಿತು.

ಭಾರತವೂ ಈ ದಾರಿಯನ್ನು ಪರೀಕ್ಷಿಸಿತು. ಕಲ್ಕತ್ತೆಯ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಪ್ರೊ. ಎ.ಕೆ. ಬರುವಾ ಅವರ ತಂಡ ದೀರ್ಘಕಾಲ ಸಂಶೋಧನೆ ನಡೆಸಿತು. ದೆಹಲಿಗೆ ಸಮೀಪದ ಗ್ವಾಲ್‌ಪಹಾರಿಯಲ್ಲಿ ಬಿಎಚ್‌ಇಎಲ್ ನಡೆಸುತ್ತಿದ್ದ ಪ್ರಾಯೋಗಿಕ ಘಟಕವೊಂದು 1990ರ ದಶಕದಲ್ಲಿ ಅಸ್ಫಟಿಕ ಸಿಲಿಕಾನ್ ಫಲಕಗಳನ್ನು ತಯಾರಿಸಿತು. ಅದೇ ಬಿಎಚ್‌ಇಎಲ್‌ನ ಬೆಂಗಳೂರು ಘಟಕ ಮತ್ತು 1989ರಲ್ಲಿ ಆರಂಭವಾದ ಟಾಟಾ ಬಿಪಿ ಸೋಲಾರ್ ಹರಳು ಸಿಲಿಕಾನಿನ ಪಕ್ಷದಲ್ಲೇ ಉಳಿದವು. ತೆಳುಪದರದ ಕಡೆ ಬೆಂಗಳೂರಿನ ಕೊಡುಗೆ ಬಂದದ್ದು ಬೇರೆ ದಿಕ್ಕಿನಿಂದ. 1965ರಲ್ಲಿ ಸ್ಥಾಪಿತವಾದ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ ಪ್ರಯೋಗಾಲಯಗಳಿಗೂ ಕಾರ್ಖಾನೆಗಳಿಗೂ ನಿರ್ವಾತ ಯಂತ್ರಗಳನ್ನು ಮಾಡಿಕೊಡುತ್ತಿದ್ದ ಸಂಸ್ಥೆ. ಪ್ಲಾಸ್ಮಾ ಪೆಟ್ಟಿಗೆಯೆಂದರೆ ಮೂಲತಃ ಒಂದು ಒಳ್ಳೆಯ ನಿರ್ವಾತ ಪೆಟ್ಟಿಗೆಯೇ ತಾನೆ? 2010ರ ಆಸುಪಾಸಿನಲ್ಲಿ ಆ ಕಂಪನಿ ಅಸ್ಫಟಿಕ ಸಿಲಿಕಾನ್ ಫಲಕ ತಯಾರಿಸುವ ಯಂತ್ರಗಳ ಸಾಲನ್ನು ತಾನೇ ವಿನ್ಯಾಸಗೊಳಿಸಿ ಕಟ್ಟಿತು. ಫಲಕ ಮಾಡುವವರು ಅನೇಕರಿದ್ದಾರೆ. ಫಲಕ ಮಾಡುವ ಯಂತ್ರವನ್ನು ಮಾಡುವವರು ನಮ್ಮಲ್ಲಿ ಅಪರೂಪ. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಗಮನಾರ್ಹ ಕನ್ನಡ ನಾಡಿನ ಅಧ್ಯಾಯ ಇದು. ಇದಕ್ಕೆ ಸಿಗಬೇಕಾದ ಪ್ರಚಾರ ಸಿಗಲಿಲ್ಲ.

ಸಿಗದಿರುವುದಕ್ಕೆ ಕಾರಣ ಕಾಲ. 2004ರ ನಂತರ ಜಗತ್ತಿನಲ್ಲಿ ಪಾಲಿಸಿಲಿಕಾನಿಗೆ ಬರ ಬಂದು, 2008ರಲ್ಲಿ ಬಿಡಿ ಮಾರಾಟದ ಬೆಲೆ ಕಿಲೋಗ್ರಾಮಿಗೆ 400 ಡಾಲರ್ ಮುಟ್ಟಿತ್ತು. ಸಿಲಿಕಾನನ್ನು ನೂರರಲ್ಲೊಂದು ಪಾಲು ಮಾತ್ರ ಬಳಸುವ ತೆಳುಪದರಕ್ಕೆ ಇದು ಸುಗ್ಗಿಯಂತೆ ಕಂಡಿತು. ಅಮೆರಿಕದ ಅಪ್ಲೈಡ್ ಮೆಟೀರಿಯಲ್ಸ್ ಕಂಪನಿ 5.7 ಚದರ ಮೀಟರ್ ವಿಸ್ತಾರದ ಗಾಜಿನ ಮೇಲೆ ಪದರ ಕೂರಿಸುವ ಭಾರೀ ಯಂತ್ರಗಳನ್ನು ಮಾರತೊಡಗಿತು. ಸಿ.ಡಿ.ಗಳ ತಯಾರಿಕೆಯಲ್ಲಿ ಹೆಸರಾಗಿದ್ದ ಮೋಸರ್ ಬೇರ್ ಅದನ್ನು ಗ್ರೇಟರ್ ನೋಯ್ಡಾಕ್ಕೆ ತಂದಿತು. ಅಷ್ಟರಲ್ಲಿ ಚೀನಾದ ಹೊಸ ಸ್ಥಾವರಗಳು ಸಾಲಾಗಿ ಕೆಲಸಕ್ಕಿಳಿದು, 2012ರ ಕೊನೆಯ ಹೊತ್ತಿಗೆ ಪಾಲಿಸಿಲಿಕಾನ್ ಬೆಲೆ 20 ಡಾಲರಿಗಿಂತ ಕೆಳಗೆ ಕುಸಿಯಿತು. ಅಪ್ಲೈಡ್ ಮೆಟೀರಿಯಲ್ಸ್ 2010ರಲ್ಲೇ ಆ ವ್ಯವಹಾರದಿಂದ ಹಿಂದೆ ಸರಿದಿತ್ತು. ಮೋಸರ್ ಬೇರ್ 2018ರಲ್ಲಿ ಮುಚ್ಚುವ ಹಂತಕ್ಕೆ ಬಂದು ಅದರ ಆಸ್ತಿಗಳ ವಿಲೇವಾರಿಗೆ ಆದೇಶವಾಯಿತು.

ಬೆಲೆಯೊಂದೇ ಕಾರಣವಲ್ಲ. ಒಂದು ಸರಳ ಲೆಕ್ಕ ಹಾಕಿ ನೋಡಿ. ನಡುಹಗಲಿನ ಒಳ್ಳೆಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋವಾಟ್. ಶೇಕಡಾ 7ರ ಫಲಕದಿಂದ ಒಂದು ಕಿಲೋವಾಟ್ ಪಡೆಯಲು 14 ಚದರ ಮೀಟರ್ ಬೇಕು. ಶೇಕಡಾ 20ರ ಫಲಕಕ್ಕೆ 5 ಚದರ ಮೀಟರ್ ಸಾಕು. ಗಾಜು, ಚೌಕಟ್ಟು, ಕಂಬಿ, ತಂತಿ, ಕೂಲಿ ಎಲ್ಲವೂ ವಿಸ್ತಾರಕ್ಕೆ ತಕ್ಕಂತೆ ಏರುತ್ತವೆ. ನೆರೆಯ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವಾಟ್ ಸೌರ ಉದ್ಯಾನಕ್ಕಾಗಿ ರೈತರಿಂದ ಗುತ್ತಿಗೆಗೆ ಪಡೆದದ್ದು ಸುಮಾರು 13,000 ಎಕರೆ. ಅಲ್ಲಿ ದಕ್ಷತೆ ಅರ್ಧಕ್ಕಿಳಿದರೆ ಜಮೀನು ಇನ್ನೂ ಅಷ್ಟು ಬೇಕಾಗುತ್ತಿತ್ತು. ವಸ್ತು ಅಗ್ಗವಾದ ಮಾತ್ರಕ್ಕೆ ವಿದ್ಯುತ್ತು ಅಗ್ಗವಾಗುವುದಿಲ್ಲ ಎಂಬುದು ತೆಳುಪದರದವರಿಗೆ ತಡವಾಗಿ ಅರ್ಥವಾಯಿತು.

ಅವರು ಸುಮ್ಮನೇನೂ ಕೂತಿರಲಿಲ್ಲ. ಸೈಲೇನಿಗೆ ಹೆಚ್ಚು ಹೈಡ್ರೋಜನ್ ಬೆರೆಸಿದರೆ ಅದೇ 200 ಡಿಗ್ರಿಯಲ್ಲಿ ಪದರ ಅತಿಸೂಕ್ಷ್ಮ ಹರಳುಗಳಾಗಿ ಕೂರುತ್ತದೆ. 1994ರಲ್ಲಿ ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್‌ನ ಮೈಯರ್, ಶಾ ಮುಂತಾದವರು ಇಂಥ ಪದರದಿಂದ ಕೋಶ ಮಾಡಿ, ಅದರ ಮೇಲೆ ಅಸ್ಫಟಿಕ ಪದರವನ್ನು ಕೂರಿಸುವ ಜೋಡಿ ಕೋಶದ ಮಾರ್ಗ ತೋರಿಸಿದರು. ಮೇಲಿನದು ನೀಲಿ, ಹಸಿರು ಬೆಳಕನ್ನು ಹಿಡಿದರೆ ಕೆಳಗಿನದು ಕೆಂಪನ್ನು ಹಿಡಿಯುತ್ತದೆ. ದಕ್ಷತೆ ಶೇಕಡಾ 10 ದಾಟಿತು. ಆದರೆ ಹರಳಿನ ಓಟ ಇನ್ನೂ ಮುಂದಿತ್ತು.

ಮಾಳಿಗೆಯ ಮೇಲೆ ಸೋತ ಈ ಪದರ ಮನೆಯೊಳಗೆ ಮಾತ್ರ ಗೆದ್ದಿತು. 1979ರಲ್ಲಿ ಸ್ಪಿಯರ್ ಮತ್ತು ಲೆ ಕೋಂಬರ್ ಅಸ್ಫಟಿಕ ಸಿಲಿಕಾನಿನಿಂದ ಗಾಜಿನ ಮೇಲೆ ಟ್ರಾನ್ಸಿಸ್ಟರ್ ಮಾಡಿ ತೋರಿಸಿದ್ದರು. ಚಪ್ಪಟೆ ಟಿ.ವಿ. ಪರದೆಯ ಪ್ರತಿಯೊಂದು ಚುಕ್ಕೆಯ ಹಿಂದೆ ಅಂಥ ಟ್ರಾನ್ಸಿಸ್ಟರ್ ಕೂತದ್ದು ಆ ಕೆಲಸದ ಫಲ. ಅಪ್ಲೈಡ್ ಮೆಟೀರಿಯಲ್ಸ್ ಸೌರಫಲಕಕ್ಕೆಂದು ಮಾರಿದ ಯಂತ್ರವೂ ಮೊದಲು ಹುಟ್ಟಿದ್ದು ಟಿ.ವಿ. ಗಾಜಿಗಾಗಿಯೇ. ನಮ್ಮ ಕಾರ್ಯಕ್ರಮವನ್ನು ನೀವು ನೋಡುವುದು ಈ ಪದರದ ಮೂಲಕವೇ ಇರಬಹುದು.

ಸೌರಕೋಶದೊಳಕ್ಕೂ ಅದು ಇನ್ನೊಂದು ವೇಷದಲ್ಲಿ ಮರಳಿತು. 1990ರ ದಶಕದಲ್ಲಿ ಸಾನ್ಯೋ ವಿಜ್ಞಾನಿಗಳು ಹರಳು ಬಿಲ್ಲೆಯ ಎರಡೂ ಮುಖಗಳಿಗೆ ಕೆಲವೇ ನ್ಯಾನೋಮೀಟರ್ ದಪ್ಪದ, ಅಂದರೆ ಮೈಕ್ರಾನಿನ ನೂರನೇ ಒಂದರಷ್ಟು ತೆಳುವಾದ ಅಸ್ಫಟಿಕ ಪದರವನ್ನು ಹೊದಿಸಿದರು. ಬಿಲ್ಲೆಯ ಮೈಮೇಲಿನ ತೂಗಾಡುವ ಬಂಧಗಳನ್ನು ಆ ಪದರದ ಹೈಡ್ರೋಜನ್ ಮುಚ್ಚಿತು. ಸಾಮಾನ್ಯ ಹರಳು ಕೋಶದಲ್ಲಿ ಸಂಧಿ ಮಾಡಲು 800 ಡಿಗ್ರಿಗೂ ಮೇಲೆ ಕಾಯಿಸಬೇಕು. ಇಲ್ಲಿ ಸುಮಾರು 200 ಡಿಗ್ರಿ ಸಾಕು. ಪದರ ಅಷ್ಟು ತೆಳುವಾದ್ದರಿಂದ, ಬೆಳಕನ್ನು ಹೀರುವ ಕೆಲಸ ಹರಳಿನದೇ ಆದ್ದರಿಂದ, ಸ್ಟೇಬ್ಲರ್ ಮತ್ತು ವ್ರಾನ್‌ಸ್ಕಿ ಕಂಡ ದೋಷದ ಪೆಟ್ಟೂ ಇಲ್ಲಿ ಹಿಂದಿನಂತೆ ಬೀಳುವುದಿಲ್ಲ. 2022ರಲ್ಲಿ ಚೀನಾದ ಲಾಂಗಿ ಕಂಪನಿ ಈ ಬಗೆಯ ಕೋಶದಲ್ಲಿ ಶೇಕಡಾ 26.81 ದಕ್ಷತೆ ಪಡೆಯಿತು. ಬಿಲ್ಲೆಗೆ ಬೆಂಕಿಯ ದಾರಿ ಈಗಲೂ ತಪ್ಪಿಲ್ಲ, ಅದರ ಮೇಲುಹೊದಿಕೆ ಮಾತ್ರ ಬ್ರೆಡ್ ಒಲೆಯ ಕಾವಿನಲ್ಲಿ ತಯಾರಾಗುತ್ತದೆ.

ಇದರಿಂದ ನಮ್ಮಂಥ ಬಿಸಿಲಿನ ಸೀಮೆಗೆ ಇನ್ನೊಂದು ಅನುಕೂಲವೂ ಇದೆ. ಫಲಕಗಳ ದಕ್ಷತೆಯನ್ನು ಅಳೆಯುವುದು 25 ಡಿಗ್ರಿಯಲ್ಲಿ. ಚಿಂತಾಮಣಿಯ ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಫಲಕ 60 ಡಿಗ್ರಿಗೆ ಕಾಯುವುದು ಅಸಾಧಾರಣವೇನಲ್ಲ. ಪ್ರತಿ ಡಿಗ್ರಿ ಏರಿಕೆಗೆ ಸಾಮಾನ್ಯ ಹರಳು ಫಲಕ ಶೇಕಡಾ 0.35ರಿಂದ 0.4ರಷ್ಟು ಉತ್ಪಾದನೆ ಕಳೆದುಕೊಂಡರೆ, ತೆಳುಪದರ ಹೊದ್ದ ಫಲಕ ಕಳೆದುಕೊಳ್ಳುವುದು ಶೇಕಡಾ 0.25ರ ಆಸುಪಾಸು. 35 ಡಿಗ್ರಿಯ ಏರಿಕೆಗೆ ಲೆಕ್ಕ ಹಾಕಿದರೆ ಒಂದು ಕಡೆ ಶೇಕಡಾ 12ರಿಂದ 14, ಇನ್ನೊಂದು ಕಡೆ ಸುಮಾರು 9. ಫಲಕದೊಡನೆ ಬರುವ ವಿವರಪತ್ರದಲ್ಲಿ ಈ ಅಂಕಿಯನ್ನು ಕಂಪನಿಗಳು ಮುದ್ರಿಸಿರುತ್ತವೆ. ನಿಮ್ಮ ಶಾಲೆಯ ಅಥವಾ ಹಾಲಿನ ಡೇರಿಯ ಮಾಳಿಗೆಯ ಮೇಲೆ ಫಲಕಗಳಿದ್ದರೆ ಅದನ್ನು ಕೇಳಿ ಓದಿ ನೋಡಬಹುದು.